ಬೆನ್ನು ಕಂಪ್ಯೂಟರಿಗೆ, ಕಣ್ಣು ಅವನ ಮೇಲೆ

ನನ್ನ ಮೊಮ್ಮಗಳು ಪಾಸಾದಳ್ರೀ! ಬರೀ ಪಾಸಲ್ಲ, ಫಸ್ಟ್ ಕ್ಲಾಸ್! ನಮ್ಮ ಮನೆತನದಾಗ ಗಂಡು ಹೆಣ್ಣು ಸೇರಿ ಎಸ್ಸೆಸ್ಸೆಲ್ಸಿ ದಾಟಿದವಳು ಇವಳೇ ಮೊದಲು.

ಭಾಗ್ಯಾ ಓಡಿ ಬಂದು "ಆಯೀ, ಫಸ್ಟ್ ಕ್ಲಾಸ್!" ಅಂದಾಗ ನಾನು ಶೇಂಗಾ ಸುಲಿಯುತ್ತಿದ್ದೆ. ಮೊರ ಎಲ್ಲಿ ಬಿತ್ತೋ, ಶೇಂಗಾ ಎಲ್ಲಿ ಹೋದವೋ. ಅವಳನ್ನು ಎತ್ತಿಕೊಳ್ಳಲು ಹೋದೆ. (ಹದಿನಾರರ ಹುಡುಗಿ, ಎತ್ತಲಾದೀತೇ? ಸೊಂಟ ಇನ್ನೂ ನೋಯುತ್ತಿದೆ. ನೋಯಲಿ ಬಿಡ್ರಿ.) ಓಣಿಯ ಎಲ್ಲ ಮನೆಗೂ ಸಕ್ಕರೆ ಹಂಚಿದೆ. ಮಾತು ಬಿಟ್ಟವರ ಮನೆಗೂ ಹೋಗಿ ಬಾಯಿಗೆ ಹಾಕಿ ಬಂದೆ. ನಾಲ್ಕನೇತ್ತ ಕಲಿತು ಸಾಲಿ ಬಿಟ್ಟ ಮುದುಕಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದಿದೆ?

ಆದರೆ ಈ ಹಬ್ಬ ನಮ್ಮ ಕೈ ತಪ್ಪಿ ಹೋಗುವುದಿತ್ತು. ಹೋಗುವುದಿತ್ತು ಯಾಕೆ, ಹೋಗೇ ಬಿಟ್ಟಿತ್ತು. ಅದನ್ನೇ ಈ ವಾರ ಹೇಳುತ್ತೇನೆ.

ನಾನು ಬರೆದದ್ದನ್ನು ಟೈಪ್ ಮಾಡಿ ಪತ್ರಿಕೆಗೆ ಕಳಿಸುವವಳು ಭಾಗ್ಯಾ. ಅದಕ್ಕೆ ಇಂಡಿ ಪ್ಯಾಟಿಯೊಳಗಿನ ಒಂದು ಸೈಬರಿಗೆ ಹೋಗಬೇಕು. ಮ್ಯಾಲಿನ ಮಜಲು, ಆರು ಕಂಪ್ಯೂಟರು. ಆ ಸೈಬರಿನ ಮಾಲಕನ ಹೆಸರು ನಾನು ಬರೆಯುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಓದುತ್ತಾ ತಿಳಿಯುತ್ತದೆ.

ಊರಿಗೆ ಅವನು "ಆ ಕೇಸಿನವ". ಹುಡುಗಿಯೊಬ್ಬಳನ್ನು ಓಡಿಸಿಕೊಂಡು ಹೋಗಿದ್ದನಂತೆ, ಜೈಲಿಗೆ ಹೋಗಿ ಬಂದಿದ್ದಾನಂತೆ. ಎದುರುಮನೆ ಗಂಗವ್ವ ನನಗೆ ಮೊದಲೇ ಹೇಳಿದ್ದಳು.

"ಯಕ್ಕಾ, ಹುಡುಗಿನ ಒಬ್ಬಾಕಿನ್ನ ಕಳಸಬ್ಯಾಡ. ಅವನ ಕಣ್ಣ ಚಲೋ ಇಲ್ಲ."

"ನೀ ನೋಡೀಯೇನ ಅವನ ಕಣ್ಣ?"

"ನಾ ಯಾಕ ನೋಡಲೆವ್ವಾ! ಮಂದಿ ಅಂತಾರ."

ಮಂದಿ ಅಂದ ಮೇಲೆ ಮುಗೀತಲ್ಲ? ನಾನೇ ಕಾವಲಿಗೆ ಹೋಗತೊಡಗಿದೆ. ಭಾಗ್ಯಾ ಕಂಪ್ಯೂಟರಿನ ಮುಂದೆ. ನಾನು ಅವಳ ಬಾಜೂಕ ಸ್ಟೂಲ್ ಹಾಕಿಕೊಂಡು, ಕಂಪ್ಯೂಟರಿಗೆ ಬೆನ್ನು ಮಾಡಿ, ಅವನಿಗೆ ಮಾರಿ ಮಾಡಿ ಕೂಡುತ್ತಿದ್ದೆ. ಅವನು ಎದ್ದರೆ ಯಾಕೆ ಎದ್ದ? ಕುಂತರೆ ಯಾಕೆ ಕುಂತ? ಕಂಪ್ಯೂಟರುಗಳ ನಡುವಿನ ಪ್ಲೈವುಡ್ ಗೋಡೆಗಳನ್ನು ಎದೆಮಟ್ಟಕ್ಕೆ ಕೊಯ್ಯಿಸಿದ್ದ. ಯಾಕೆ ಕೊಯ್ಯಿಸಿದ? ಒಳಗೆ ಕುಂತವರು ಏನು ಮಾಡುತ್ತಾರೆಂದು ಎಲ್ಲರಿಗೂ ಕಾಣಲಿ ಅಂತಲೋ, ಹುಡುಗಿಯರು ಅವನಿಗೆ ಕಾಣಲಿ ಅಂತಲೋ? (ಇವತ್ತಿಗೂ ನನಗೆ ಗೊತ್ತಿಲ್ಲ.) ಮಧ್ಯಾಹ್ನ ಅವನ ಹೆಂಡತಿ ಬುತ್ತಿ ತರುತ್ತಿದ್ದಳು. ಆಕೆಯನ್ನೂ ನಾನು ಸಂಶಯದಿಂದಲೇ ನೋಡಿದೆ.

ನನ್ನ ಬೆನ್ನ ಹಿಂದೆ ಭಾಗ್ಯಾ ನಗುತ್ತಿದ್ದಳು. ನನ್ನ ಬರಹ ಟೈಪ್ ಮಾಡುವಾಗ ಇಷ್ಟು ನಗು ಬರುವುದಿಲ್ಲವಲ್ಲ!

"ಯಾರ ಜೋಡಿ ನಗಾಕತ್ತಿ?"

"ಪೂಜಾ ಅಂತ ಆಯಿ. ಚಾಟಿಂಗ್. ನನ್ನಂಗ ಹತ್ತನೇತ್ತ. ಬಾಗೇವಾಡಿ ಕಡಿ ಅಂತ."

ನಮ್ಮ ಕಡೆ ಹೊಸಬರು ಸಿಕ್ಕರೆ ಹೆಸರು ಆಮೇಲೆ. ಯಾವೂರು, ಯಾರ ಪೈಕಿ ಅನ್ನುವುದು ಮೊದಲು. ಬಸ್ಸಿನಲ್ಲಿ ಬಾಜೂಕ ಕುಂತವಳು ನಿಡಗುಂದಿ ಬರುವುದರೊಳಗೆ ನನಗೆ ಬೀಗತಿ ಆಗಿರುತ್ತಾಳೆ. ಅಷ್ಟು ಪಕ್ಕಾ ನನ್ನ ವಿಚಾರಣೆ. ಬಾಗೇವಾಡಿ ಕಡೆ ಅಂದರೆ ನನ್ನ ತವರು ಇಂಗಳೇಶ್ವರ ಅಲ್ಲೇ ಅಲ್ಲವೇ? ಮಾಲಕನ ಮೇಲಿನ ಕಣ್ಣು ಕೀಳದೆ, ಬೆನ್ನ ಹಿಂದಿನಿಂದಲೇ ಶುರು ಮಾಡಿದೆ.

"ಇಂಗಳೇಶ್ವರದಾಕಿ ಏನು ಕೇಳು."

"ಹೌದಂತ ಆಯಿ!"

"ಬಾವಿಮನಿಯವರ ಪೈಕಿ ಏನು?"

"ಹೌದಂತ!"

"ಹಂಗಾರ ಮಲ್ಲಪ್ಪ ಕಾಕಾನ ಮೊಮ್ಮಗಳ ಇರಬೇಕು."

"ಹೌದಂತ! ನಿಮ್ಮ ಆಯಿ ಬಾಳ ಶಾಣ್ಯಾ ಅದಾಳ ಅಂತ ಬರದಾಳ!"

ಶಾಣ್ಯಾ ಅಂದಳಲ್ಲ, ನಾನು ಉಬ್ಬಿದೆ. "ನಮ್ಮ ಮಂದಿನ ಬಿಡು. ಮಾತಾಡು, ಮಾತಾಡು" ಅಂದೆ. ಮತ್ತೆ ಮಾಲಕನ ಕಡೆ ಕಣ್ಣು ಕಿಸಿದು ಕುಂತೆ.

ನೋಡಿದಿರಾ ನನ್ನ ಶಾಣ್ಯಾತನ? ಪ್ರಶ್ನೆಯೊಳಗೇ ಉತ್ತರ ಕಟ್ಟಿ ಕೊಟ್ಟಿದ್ದೆ. ಆ ಕಡೆಯವರು ಮಾಡಿದ್ದು "ಹೌದು" ಅನ್ನುವುದೊಂದೇ ಕೆಲಸ. ನನ್ನ ತವರೂರು, ಮನೆತನ, ಕಾಕಾನ ಹೆಸರು ಎಲ್ಲ ನಾನೇ ಅವರ ಉಡಿಗೆ ಹಾಕಿದ್ದೆ.

ಪರೀಕ್ಷೆ ಮುಗಿದು ಸೂಟಿ ಶುರುವಾಗಿತ್ತು. ಒಂದು ದಿನ ಭಾಗ್ಯಾ ರೊಟ್ಟಿ ಮುರಿದು ಮುರಿದು ತಾಟಿನಲ್ಲಿಟ್ಟಳು, ಬಾಯಿಗೆ ಹಾಕಲಿಲ್ಲ.

"ಆಯಿ, ಪೂಜಾ ಫೋಟೋ ಕೇಳಾಕತ್ಯಾಳ."

"ಕೊಡು ಮತ್ತ. ಸಾಲಿಯೊಳಗ ತಗದದ್ದು ಐತಲ್ಲ?"

"ಅಂಥಾದ್ದಲ್ಲಾಯಿ." ತಲೆ ಎತ್ತಲಿಲ್ಲ. "ಬ್ಯಾರೆ ನಮೂನಿದು. ಆಮ್ಯಾಲ ಬಾಗೇವಾಡಿ ಬಸ್‌ಸ್ಟ್ಯಾಂಡಿಗೆ ಒಬ್ಬಾಕಿನ ಬಾ, ನಿಮ್ಮ ಆಯಿಗೆ ಹೇಳಬ್ಯಾಡ ಅಂದಾಳ."

ಬಾಯಿ ಮಾಡಬೇಕು ಅನಿಸಿತು. ಮಾಡಲಿಲ್ಲ. ಬಾಯಿ ಮಾಡಿದ್ದರೆ ಅವಳು ಮುಂದಿನ ಮಾತು ಹೇಳುತ್ತಿರಲಿಲ್ಲ.

"ಅಪ್ಪಗ ಹೇಳಬ್ಯಾಡಾಯಿ. ಕಾಲೇಜಿಗೆ ಕಳಸಂಗಿಲ್ಲ, ಸಾಲಿ ಬಿಡಸ್ತಾನ."

ಬಿಡಿಸುತ್ತಾನೆ. ನನ್ನ ಮಗ ಶಿವಪ್ಪನಿಗೆ ಲಿಂಬಿತೋಟ, ಮಾತೂ ಅಷ್ಟೇ ಹುಳಿ. ಭಾಗ್ಯಾ ಹೈಸ್ಕೂಲಿಗೆ ಹೊರಟ ದಿನವೇ ಹೇಳಿಬಿಟ್ಟಿದ್ದ: "ಹುಡುಗಿ ಹೆಸರ ಯಾರ ಬಾಯಾಗರೆ ಬಂತಂದ್ರ, ಅವತ್ತ ಸಾಲಿ ಬಂದ್. ಮುಂದಿನ ತಿಂಗಳ ಲಗ್ನ."

ಮರುದಿನ ಸೈಬರಿಗೆ ಹೋದೆವು. ಅವತ್ತು ಮೊದಲ ಸಲ ಸ್ಟೂಲ್ ತಿರುಗಿಸಿ ಕಂಪ್ಯೂಟರಿಗೆ ಮಾರಿ ಮಾಡಿ ಕುಂತೆ.

"ಕೇಳು, ನಿಮ್ಮ ಮನಿ ಮುಂದಿನ ಹುಣಸಿಗಿಡ ಕಡದ್ರಂತಲ್ಲ?"

"ಹೌದಂತ. ಬಾಳ ಕೆಟ್ಟ ಅನಸ್ತಂತ."

ಆ ಮನೆ ಮುಂದೆ ಹುಣಸಿಗಿಡ ಎಂದೂ ಇರಲಿಲ್ಲ.

"ರಾಮ್ಯಾ ಕಾಕಾನ ಲಗ್ನ ಹೆಂಗಾತು ಕೇಳು."

"ಚಲೋ ಆತಂತ ಆಯಿ. ಹೋಳಗಿ ಊಟ ಇತ್ತಂತ."

ರಾಮ್ಯಾ ನನ್ನ ಅಣ್ಣನ ಮನೆಯ ಎತ್ತು!

ಭಾಗ್ಯಾ ನಕ್ಕಳು. ನಗುತ್ತಾ ನಗುತ್ತಾ ಅತ್ತುಬಿಟ್ಟಳು. ಅಳು ಕೇಳಿ ಮಾಲಕ ಎದ್ದು ಬಂದ. ಅವನು ಇತ್ತ ಬರುತ್ತಲೇ ನಾನು ಅತ್ತ ಅವನ ಮೇಜಿನ ಹತ್ತಿರ ಹೋಗಿ ಅವನ ಕಂಪ್ಯೂಟರು ನೋಡಿದೆ. ಇವನೇ ಪೂಜಾ ಆಗಿದ್ದರೆ? ಇಸ್ಪೀಟು ಎಲೆ ಹರವಿದ ಆಟ ಕಂಡಿತು, ಮತ್ತೇನಿಲ್ಲ.

ಅವನು ನಿಂತೇ ಎಲ್ಲ ಓದಿದ. "ಇದನ್ನ ಅಳಸಬ್ಯಾಡ್ರಿ ಆಯಿ. ಪ್ರಿಂಟ್ ತಗದ ಕೊಡ್ತೇನಿ. ಪೊಲೀಸರಿಗೆ ಕೊಡ್ರಿ."

"ನೀನೂ ಬಾ ಜೋಡಿ."

"ನಾ ಬರಂಗಿಲ್ರಿ. ನನ್ನ ಮಾರಿ ನೋಡಿದ್ರ ಮದಲ ನನ್ನ ಕುಂಡರಸ್ತಾರ."

ಪ್ರಿಂಟು ತಂದು ಟ್ರಂಕಿನ ತಳಕ್ಕೆ ಇಟ್ಟೆ. ಪೊಲೀಸರಿಗೆ ಕೊಟ್ಟರೆ ಶಿವಪ್ಪನಿಗೆ ತಿಳಿಯುತ್ತದಲ್ಲ? ಪ್ರಿಂಟು ಟ್ರಂಕಿನಲ್ಲಿ ಉಳಿಯಿತು, ಮಾತು ನನ್ನ ಹೊಟ್ಟೆಯಲ್ಲಿ ಉಳಿಯಲಿಲ್ಲ. ಗಂಗವ್ವನ ಮುಂದೆ, "ಯಾರೋ ಒಬ್ಬ ಹುಡುಗಿಗೆ ಕಂಪ್ಯೂಟರಿನ್ಯಾಗ ಹಿಂಗಿಂಗ ಆತಂತ" ಅಂದುಬಿಟ್ಟೆ.

"ಯಾವ ಸೈಬರ್?"

ಹೇಳಿದೆ.

"ಮತ್ತೇನ್ ಕೇಳ್ತೀ? ಅವನ ಮಾಡಿರ್ತಾನ!"

ಹೊತ್ತು ಮುಳುಗುವುದರೊಳಗೆ ಅದೇ ಖರೆ ಆಯಿತು. ಅಮೇರಿಕಾದಲ್ಲಿ ಇಂಥವರ ಹೆಸರು, ಫೋಟೋ, ಮನೆ ವಿಳಾಸ ಎಲ್ಲ ಕಂಪ್ಯೂಟರಿನಲ್ಲಿ ಹಾಕಿ ಊರಿಗೆಲ್ಲ ತೋರಿಸುತ್ತಾರಂತೆ. ಕಟ್ಟೆಯ ಮೇಲೆ ಪೇಪರ್ ಓದುವ ಹುಡುಗರು ಹೇಳಿದರು. ನಾವೂ ಹಾಕೋಣ, ಕಂಪ್ಯೂಟರ್ ಯಾಕೆ, ತಗಡಿನ ಬೋರ್ಡೇ ಸಾಕು ಅಂದರು. ಎರಡೇ ದಿನದಲ್ಲಿ ಸೈಬರಿನ ಬಾಗಿಲ ಮೇಲೆ ಬೋರ್ಡು ಬಂತು: "ಇದರ ಮಾಲಕ ಜೈಲಿಗೆ ಹೋಗಿ ಬಂದವ. ಹೆಣ್ಣುಮಕ್ಕಳನ್ನ ಕಳಸಬ್ಯಾಡ್ರಿ." ಅದನ್ನು ಕಟ್ಟಲು ಒಯ್ದ ಏಣಿ ನಮ್ಮ ತೋಟದ್ದು. ಏಣಿ ಹಿಡಿದು ನಿಂತವನು ನನ್ನ ಮಗ ಶಿವಪ್ಪ.

ಈಗ ನೀವೇ ಹೇಳಿರಿ. ಫೋಟೋ ಕೇಳಿದ್ದು, ಬಸ್‌ಸ್ಟ್ಯಾಂಡಿಗೆ ಕರೆದದ್ದು ಯಾರಾದರೂ ಆಗಿರಬಹುದು, ಅವನಂತೂ ಅಲ್ಲ. ಅದಕ್ಕೆ ಸಾಕ್ಷಿ ಯಾರು? ನಾನು. ಅವನನ್ನು ಒಂದು ಗಳಿಗೆಯೂ ನಂಬದೆ, ಅವನ ಎರಡೂ ಕೈ ಎಲ್ಲಿವೆ ಎಂದು ನೋಡುತ್ತಾ ಕುಂತವಳು ನಾನು. ನನ್ನ ಬೆನ್ನ ಹಿಂದೆ ಪೂಜಾ "ಹೌದು, ಹೌದು" ಅನ್ನುವಾಗ ಅವನ ಕೈಯಲ್ಲಿ ಚಹಾದ ಕಪ್ಪಿತ್ತು.

ಆದರೆ ಸಾಕ್ಷಿ ಹೇಳಿದರೆ ಆ ಹುಡುಗಿ ಯಾರು ಅಂತ ಕೇಳುತ್ತಾರೆ. ಭಾಗ್ಯಾಳ ಸಾಲಿ ಹೋಗುತ್ತದೆ. ಹೇಳದಿದ್ದರೆ ಅವನ ಅಂಗಡಿ ಹೋಗುತ್ತದೆ. ನಾನು ಬಾಯಿ ಮುಚ್ಚಿಕೊಂಡೆ. ಮೊಮ್ಮಗಳ ಕಡೆ ವಾಲಿದೆ. ಯಾವ ಆಯಿ ವಾಲುವುದಿಲ್ಲ?

ಹಾಗಂತ ಬೋರ್ಡೇ ಬೇಡ ಅನ್ನುವವಳು ನಾನಲ್ಲ. ಸಿಂದಗಿ ಕಡೆ, ನನ್ನ ಅಕ್ಕನ ಊರಿಗೆ ಒಬ್ಬ ಟ್ಯೂಶನ್ ಮಾಸ್ತರ ಬಂದ. ಹಿಂದಿನ ಊರಿನಲ್ಲಿ ಸಣ್ಣ ಹುಡುಗಿಯ ಮೈಮೇಲೆ ಕೈ ಹಾಕಿ ಬಂದವನು. ಮರ್ಯಾದೆಗೆ ಅಂಜಿ ಆ ಮನೆಯವರು ಬಾಯಿ ಬಿಟ್ಟಿರಲಿಲ್ಲ. ಅಕ್ಕನ ಊರಿನಲ್ಲೂ ಒಂದು ಕೂಸಿಗೆ ಅದೇ ಆದ ಮೇಲೆ ಎಲ್ಲ ಹೊರಗೆ ಬಂತು. ಅವನ ಹೆಸರು ಯಾವುದಾದರೂ ಬೋರ್ಡಿನಲ್ಲಿದ್ದಿದ್ದರೆ ಆ ಕೂಸು ಉಳಿಯುತ್ತಿತ್ತು. ಇದು ಖರೆ. ಎದೆ ಮುಟ್ಟಿ ಹೇಳುತ್ತೇನೆ.

ಆದರೆ ಅವನಿಗೂ ಇವನಿಗೂ ಒಂದೇ ಬೋರ್ಡೇ? ಸೈಬರಿನವನ ಕೇಸು ನಾನು ಆಮೇಲೆ ವಿಚಾರಿಸಿದೆ: ಇವನಿಗೆ ಆಗ ಹತ್ತೊಂಬತ್ತು, ಹುಡುಗಿಗೆ ಹದಿನೇಳು. ಇಬ್ಬರೂ ಕೂಡಿ ಸೋಲಾಪುರಕ್ಕೆ ಓಡಿದ್ದರು. ಹುಡುಗಿಯ ಅಪ್ಪ ಕೇಸು ಹಾಕಿದ, ಇವನು ಒಳಗೆ ಹೋದ. ಮಧ್ಯಾಹ್ನ ಬುತ್ತಿ ತರುವ ಹೆಂಡತಿ ಅಂದೆನಲ್ಲ, ಆಕೆಯೇ ಆ ಹುಡುಗಿ! ಹದಿನೇಳು ಅಂದರೆ ಇನ್ನೂ ಕೂಸೇ, ತಪ್ಪು ತಪ್ಪೇ. (ನನ್ನ ಲಗ್ನವಾದಾಗ ನನಗೆ ಹದಿಮೂರು. ಯಾರೂ ಬೋರ್ಡು ಬರೆಯಲಿಲ್ಲ, ಹೋಳಿಗೆ ಉಂಡು ಹೋದರು.) ಆದರೆ ಆ ತಪ್ಪಿನ ಲೆಕ್ಕ ಕೋರ್ಟಿನಲ್ಲಿ ಮುಗಿದ ಮೇಲೆ, ಓಣಿಯಲ್ಲಿ ಮುಗಿಯುವುದು ಯಾವಾಗ?

ಇನ್ನೊಂದು ಮಾತು. ಬೋರ್ಡಿನ ಮೇಲೆ ಬರುವುದು ಸಿಕ್ಕಿಬಿದ್ದವನ ಹೆಸರು ಮಾತ್ರ. ಸಿಕ್ಕಿಬೀಳದವನು "ಪೂಜಾ" ಅಂತ ಹೆಸರಿಟ್ಟುಕೊಂಡು ನಗುತ್ತಾ ಕುಂತಿರುತ್ತಾನೆ.

ರಿಸಲ್ಟು ಬಂದ ದಿನ ಭಾಗ್ಯಾ ಅದೇ ಸೈಬರಿಗೆ ಹೋದಳು. ಬೋರ್ಡು ತಲೆ ಮೇಲೆ. ಒಳಗೆ ಒಬ್ಬರೂ ಇರಲಿಲ್ಲವಂತೆ. ಅವನು ನಂಬರ್ ಹಾಕಿ ನೋಡಿ, "ಫಸ್ಟ್ ಕ್ಲಾಸ್ ಐತಿ ತಂಗಿ. ಲಗೂನ ಮನಿಗೆ ಹೋಗು, ಇಲ್ಲಿ ಭಾಳೊತ್ತು ನಿಂದರಬ್ಯಾಡ" ಅಂದನಂತೆ.

ಅವತ್ತು ಸಂಜೆ ಮನೆಮಂದಿಯೆಲ್ಲ ಒಂದೇ ಸಾಲಿಗೆ ಊಟಕ್ಕೆ ಕುಂತೆವು. ಹೋಳಿಗೆ, ಕಟ್ಟಿನ ಸಾರು. ಶಿವಪ್ಪ ಎಂದೂ ಇಲ್ಲದವನು ಮಗಳನ್ನು ಬಾಜೂಕ ಕುಂಡರಿಸಿಕೊಂಡಿದ್ದ. ಮೊದಲ ತುತ್ತು ಎತ್ತಿದ್ದ. ಆಗ ಭಾಗ್ಯಾ ಅಂದಳು:

"ಅಪ್ಪಾ, ಆ ಬೋರ್ಡ್ ಸುಳ್ಳೈತಿ. ಮಂದಿ ಅನ್ನೋ ಆ ಹುಡುಗಿ ನಾನ, ಅದನ್ನ ಮಾಡಿದವ ಅವ ಅಲ್ಲ."

ಎಲ್ಲ ಹೇಳಿದಳು. ಪೂಜಾ, ಫೋಟೋ, ಬಸ್‌ಸ್ಟ್ಯಾಂಡು, ಎತ್ತಿನ ಲಗ್ನ, ಟ್ರಂಕಿನ ತಳದ ಪ್ರಿಂಟು. ಸೊಸೆಯ ಕೈಯಲ್ಲಿ ತುಪ್ಪದ ಮಿಳ್ಳಿ ಹಾಗೇ ನಿಂತಿತು. ಶಿವಪ್ಪ ನನ್ನ ಕಡೆ ತಿರುಗಿದ.

"ಯವ್ವಾ, ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ನನಗ ಯಾಕ ಹೇಳಲಿಲ್ಲ?"

ನಾನು ಬಾಯಿ ತೆರೆಯುವುದರೊಳಗೆ ಭಾಗ್ಯಾ, "ನೀ ಸಾಲಿ ಬಿಡಸ್ತಿದ್ದಿ" ಅಂದಳು.

ಶಿವಪ್ಪ ಎತ್ತಿದ್ದ ತುತ್ತನ್ನು ತಾಟಿಗೆ ಇಟ್ಟ. ಹೆಂಡತಿಗೆ, "ಹಂಗ ಯಾಕ ನಿಂತಿ? ತುಪ್ಪಾ ಹಾಕು ಅಕಿಗೆ" ಅಂದ. ಮಗಳಿಗೆ, "ಕಾಲೇಜಿಗೆ ಎಂದ ಹೋಗಬೇಕು?" ಅಂದ. ನನಗೆ, "ಆ ಪ್ರಿಂಟ್ ಮುಂಜಾನೆ ಟ್ರಂಕಿನಿಂದ ತಗದ ಇಡು, ಸ್ಟೇಶನ್ನಿಗೆ ನಾ ಹೋಗ್ತೇನಿ. ಏಣೀನೂ ತಗೊಂಡ ಹೋಗ್ತೇನಿ" ಅಂದ.

(ಇದನ್ನು ಟೈಪ್ ಮಾಡುತ್ತಿರುವವಳೂ ಭಾಗ್ಯಾಳೇ. "ನಿನ್ನ ಹೆಸರ ಹಾಕಲೇನು?" ಅಂತ ಕೇಳಿದೆ. "ಹಾಕಾಯಿ. ನಾ ಏನ್ ತಪ್ಪ ಮಾಡೀನಿ? ಫಸ್ಟ್ ಕ್ಲಾಸ್ ಬ್ಯಾರೆ ಬಂದೀನಿ" ಅಂದಳು.)

ಅವತ್ತು ನಾವೆಲ್ಲ ಹೊಟ್ಟೆ ತುಂಬ ಉಂಡೆವು, ಶಿವಪ್ಪ ಎರಡು ಹೋಳಿಗೆ ಹೆಚ್ಚಿಗೆ ಉಂಡ. ಕೈ ತೊಳೆಯದೆ ಸಾಲಿನಲ್ಲೇ ಕುಂತು ನಗುತ್ತಿದ್ದೆವು, ಆದರೂ ನನ್ನ ಸಂಶಯ ಹೋಗಲಿಲ್ಲ: ಇದೇ ಹೊತ್ತಿನಲ್ಲಿ ಆ ಪೂಜಾ ಯಾರ ಮನೆಯ ಆಯಿಗೆ "ಹೌದು, ಹೌದು" ಅನ್ನುತ್ತಿರಬಹುದು?