ಸ್ಟೋರ್ ಮಾಮನ ಮಾತು ಉಳಿಸಿದ ಫೋನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆರು ಅಂತಸ್ತಿನ ಕಚೇರಿಯಲ್ಲಿ ಕಾವಲುಗಾರರನ್ನೂ ಕಸ ಗುಡಿಸುವವರನ್ನೂ ಬಿಟ್ಟರೆ ನರಪಿಳ್ಳೆ ಇಲ್ಲ. ಮೂರನೇ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಹೆಂಗಸೊಬ್ಬರು ತಂತಿಯಿಲ್ಲದ ಫೋನೊಂದನ್ನು ಕಿವಿಗೆ ಒತ್ತಿಕೊಂಡು ಮೆಲ್ಲಗೆ ನಡೆಯುತ್ತಿದ್ದಾರೆ. ಆ ಕಡೆಯಿಂದ ಯಾರೂ ಮಾತಾಡುತ್ತಿಲ್ಲ. ಅವರು ಆಲಿಸುತ್ತಿರುವುದು ಬರೀ ಜುಂಯ್ ಎನ್ನುವ ಸದ್ದನ್ನು. ಲಿಫ್ಟಿನ ಹಿಂದಿನ ಮೂಲೆಗೆ ಬಂದಾಗ ಆ ಸದ್ದು ಬಟ್ಟೆ ಹರಿದಂತೆ ಪರಪರ ಎನ್ನುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಕಿವಿಗೊಡುತ್ತಾರೆ.

"ಇಲ್ಲೇ ನೋಡಿ ಮಾತು ಕಡಿದುಹೋಗೋದು. ನಿನ್ನೆ ಅಕೌಂಟ್ಸ್‌ನವರು ಬಾಯಿಗೆ ಬಂದಹಾಗೆ ಬೈದ್ರು. ಪಾಪ, ಅವರದ್ದೇನೂ ತಪ್ಪಿಲ್ಲ" ಎಂದು ಜೊತೆಗೆ ಬಂದ ನಮಗೆ ಹೇಳುತ್ತ ಸ್ಟೂಲು ಎಳೆದುಕೊಂಡು ಹತ್ತಿ, ಫೋನುಗಳಿಗೆ ಸಂಕೇತ ಕಳಿಸುವ ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯನ್ನು ಅಷ್ಟೇ ಅಷ್ಟು ಬಲಕ್ಕೆ ಸರಿಸುತ್ತಾರೆ. ಜನ ಬರುವುದರೊಳಗೆ ಈ ಕೆಲಸ ಮುಗಿಯಬೇಕು. ಒಮ್ಮೆ ಬಂದರೆಂದರೆ ಪ್ರತಿ ಫೋನಿಗೂ ಒಂದು ಕಿವಿ ಅಂಟಿಕೊಂಡಿರುತ್ತದೆ.

ಕಟ್ಟಡದ ತುಂಬ ಅವರನ್ನು ಎಲ್ಲರೂ ಕರೆಯುವುದು ಫೋನಕ್ಕ ಎಂದು. ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ. ಇಲ್ಲಿರುವ ಇನ್ನೂರರ ಹತ್ತಿರದ ಫೋನುಗಳಲ್ಲಿ ಯಾವುದು ಯಾರ ಹೆಸರಿಗೆ ಓಗೊಡಬೇಕು, ಯಾವ ಗುಂಡಿ ಒತ್ತಿದರೆ ಯಾರು ಸಿಗಬೇಕು, ಯಾವುದು ಜೋರಾಗಿ ಮೊಳಗಬೇಕು, ಯಾವುದು ಸದ್ದಿಲ್ಲದೆ ನಡುಗಿದರೆ ಸಾಕು ಎಂಬುದನ್ನೆಲ್ಲ ಗೊತ್ತುಮಾಡುವವರು ಅವರೇ. ಹೊಸ ಫೋನನ್ನು ಕೂಡಿಸುವಾಗ ಗೋಡೆಯ ಪೆಟ್ಟಿಗೆಯ ಗುಂಡಿಯನ್ನು ದೀಪ ಮಿಣುಕುವವರೆಗೂ ಅದುಮಿ ಹಿಡಿಯಬೇಕು, ಕೈಯ ಫೋನಿನಲ್ಲಿ ಗುಟ್ಟಿನ ಅಂಕಿ ಒತ್ತಬೇಕು, ಪೀಂ ಎನ್ನುವವರೆಗೆ ಕಾಯಬೇಕು. ಒಂದೊಂದು ಅಕ್ಷರಕ್ಕೂ ಒಂದೇ ಗುಂಡಿಯನ್ನು ಮೂರು ಮೂರು ಸಲ ಒತ್ತಿ ಹೆಸರು ತುಂಬಬೇಕು. "ಇವರಲ್ಲಿ ಕೆಲವರ ಹೆಸರು ರೈಲಿನಷ್ಟುದ್ದ. ನನ್ನ ಹೆಬ್ಬೆರಳು ಸವೆದಿರೋದು ಅದಕ್ಕೇ" ಎಂದು ನಗುತ್ತಾರೆ.

ಅವರು ಇಲ್ಲಿಗೆ ಬಂದದ್ದು ಆಪರೇಟರ್ ಆಗಿ. ನೆಲಮಹಡಿಯ ಪುಟ್ಟ ಕೋಣೆಯಲ್ಲಿ ಕೂತು, ಹೊರಗಿನಿಂದ ಬಂದ ಕರೆಗಳನ್ನು ಮೇಲಿನವರಿಗೆ ಕೊಡುವ ಕೆಲಸ. ಮುಖ ನೋಡದವರೂ ಅವರ ದನಿಯನ್ನು ಬಲ್ಲವರಾಗಿದ್ದರು. ಹಾಗಿರುವಾಗ ಒಂದು ದಿನ ಆ ದೊಡ್ಡ ಸ್ವಿಚ್‌ಬೋರ್ಡನ್ನು ಕಿತ್ತು ಹೊರಗೆ ಸಾಗಿಸಿದರು. ಪೆಟ್ಟಿಗೆಗಟ್ಟಲೆ ತಂತಿಯಿಲ್ಲದ ಫೋನುಗಳು ಬಂದವು. ಕೂಡಿಸಲು ಬಂದವರು ಅರ್ಧ ದಿನ ತೋರಿಸಿಕೊಟ್ಟು ಹೊರಟುಹೋದರು. ಇವರ ಮುಂದೆ ಉಳಿದದ್ದು ಇರುವೆ ಸಾಲಿನಂಥ ಅಕ್ಷರಗಳ ಒಂದು ಕೈಪಿಡಿ, ಮತ್ತು ಇನ್ನು ತನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ದಿಗಿಲು.

"ಮೊದಲನೇ ವಾರವೇ ಏನೋ ಒತ್ತಲು ಹೋಗಿ ಏನೋ ಒತ್ತಿಬಿಟ್ಟೆ. ಇಡೀ ಕಟ್ಟಡದ ನಂಬರೆಲ್ಲ ಅಳಿಸಿಹೋಯ್ತು. ಬಚ್ಚಲಿಗೆ ಹೋಗಿ ಅತ್ತೆ. ಆಮೇಲೆ ಮುಖ ತೊಳ್ಕೊಂಡು ಬಂದು, ಒಂದೊಂದೇ ಕೂಡಿಸ್ತಾ ಕೂತೆ. ಕಲಿತಿದ್ದು ಹಾಗೇ."

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಗಂಡ ಇದ್ದಾರೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ, ಕಿವಿ ಚುರುಕಾಗಿರುವ ಅತ್ತೆ ಇದ್ದಾರೆ. ಸೊಸೆಯ ಬಗ್ಗೆ ಅತ್ತೆಯದು ಒಂದೇ ದೂರು: "ಊರಿಗೆಲ್ಲ ಫೋನ್ ಸರಿಮಾಡ್ತಾಳೆ. ಮನೇಲಿ ಫೋನ್ ಬಾಯಿ ಬಡ್ಕೊಂಡ್ರೂ ಎತ್ತಲ್ಲ."

ಇಷ್ಟೇ ಆಗಿದ್ದರೆ ಅವರ ಕತೆ ಕಚೇರಿಯ ಗೋಡೆ ದಾಟುತ್ತಿರಲಿಲ್ಲವೇನೋ. ಹೋದ ವರ್ಷ ಸ್ಟೋರ್ ಮಾಮನಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಯಿತು.

ಸ್ಟೋರ್ ಮಾಮ ಎಂದರೆ ತಳಮಹಡಿಯ ಉಗ್ರಾಣ ನೋಡಿಕೊಳ್ಳುವವರು. ಕಾಗದ, ಪೆನ್ನು, ಬಲ್ಬು, ಸೋಪು, ಯಾರಿಗೆ ಏನು ಬೇಕಾದರೂ ಅವರಿಗೇ ಫೋನು. ಕೊಡುವುದು ಒಂದು ಪೆನ್ನಾದರೂ ಜೊತೆಗೆ ನಾಲ್ಕು ಮಾತು ಪುಕ್ಕಟೆ. ಕಾಲೆಳೆಯದೆ ಯಾರನ್ನೂ ಕಳಿಸಿದವರಲ್ಲ. ಆಸ್ಪತ್ರೆಯಿಂದ ಮರಳಿದಾಗ ಜೀವ ಉಳಿದಿತ್ತು, ದನಿ ಉಳಿದಿರಲಿಲ್ಲ. ಮನೆಯಲ್ಲಿ ಕಾಯಿಲೆಯ ಹೆಂಡತಿ, ನಿವೃತ್ತಿಗೆ ಇನ್ನೂ ಕೆಲವು ವರ್ಷ. ಫೋನಿನಲ್ಲಿ ಉತ್ತರ ಕೊಡಲಾಗದವರನ್ನು ಸ್ಟೋರಿನಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಆಡಳಿತದ ಮ್ಯಾನೇಜರ್ ಕೈಚೆಲ್ಲಿದರು.

ಫೋನಕ್ಕ ಆ ಮ್ಯಾನೇಜರ್ ಮುಂದೆ ಹೋಗಿ ನಿಂತರು. "ಸರ್, ಈ ಫೋನಲ್ಲಿ ಬರೆದು ಕಳಿಸೋಕೂ ಆಗುತ್ತೆ. ಯಾರೂ ಬಳಸ್ತಾ ಇಲ್ಲ ಅಷ್ಟೇ. ನನಗೆ ಒಂದು ವಾರ ಕೊಡಿ."

ಆ ಸೌಲಭ್ಯ ಸರಳವಾದದ್ದು. ಒಂದು ಫೋನಿನಿಂದ ಇನ್ನೊಂದಕ್ಕೆ ಚುಟುಕು ಸಂದೇಶ ಹೋಗುತ್ತದೆ. ಪದೇಪದೇ ಬೇಕಾಗುವ ಮಾತುಗಳನ್ನು ಮೊದಲೇ ತುಂಬಿಟ್ಟು, ಒಂದೊಂದನ್ನು ಒಂದೊಂದು ಗುಂಡಿಗೆ ಕಟ್ಟಿಡಬಹುದು. ಫೋನಕ್ಕ ಕೂತು 'ಸಾಮಾನು ಲಭ್ಯವಿದೆ', 'ಸಾಮಾನು ಲಭ್ಯವಿಲ್ಲ', 'ನಾಳೆ ವಿಚಾರಿಸಿ' ಎಂದೆಲ್ಲ ತುಂಬಿ, ಹೆಮ್ಮೆಯಿಂದ ತಳಮಹಡಿಗೆ ಒಯ್ದರು.

ಸ್ಟೋರ್ ಮಾಮ ಒಂದೊಂದನ್ನೂ ಓದಿದರು. ಮುಖ ಇಳಿಯಿತು. ಕೈಗೆ ಸಿಕ್ಕ ರಟ್ಟಿನ ತುಂಡಿನ ಮೇಲೆ ಬರೆದು ತೋರಿಸಿದರು: "ನಾನು ಯಾವತ್ತಾದ್ರೂ ಹೀಗೆ ಮಾತಾಡಿದ್ದು ಕೇಳಿದೀಯಾ ತಾಯಿ?"

"ಆಗ ನನಗೆ ಕಪಾಳಕ್ಕೆ ಹೊಡೆದ ಹಾಗಾಯ್ತು" ಎಂದು ನೆನೆಯುತ್ತಾರೆ ಫೋನಕ್ಕ. "ಅವರಿಗೆ ಬೇಕಾಗಿದ್ದು ಅವರ ಮಾತು. ನಾನು ಬೋರ್ಡು ಬರೆದುಕೊಟ್ಟಿದ್ದೆ."

ಅಂದು ಸಂಜೆಯಿಂದ ಇಬ್ಬರೂ ಸಾಬೂನಿನ ಪೆಟ್ಟಿಗೆಗಳ ನಡುವೆ ಕೂತರು. ಮಾಮ ಬರೆಯುವುದು, ಅಕ್ಕ ಗುಂಡಿ ಒತ್ತುವುದು. ಇಷ್ಟಗಲದ ಪರದೆಯಲ್ಲಿ ಹಿಡಿಸದಿದ್ದರೆ ಒಂದು ಪದಕ್ಕಾಗಿ ಜಗಳ. 'ಇದೆ. ಬಾ. ಕೈ ಬೀಸ್ಕೊಂಡು ಬರಬೇಡ, ಖಾಲಿ ಡಬ್ಬ ತಾ.' 'ಮೊನ್ನೆ ಕೊಟ್ಟಿದ್ದನ್ನ ತಿಂದ್ಯಾ?' 'ಮುಗಿದುಹೋಗಿದೆ. ನನ್ನ ಮುಖ ನೋಡಿದ್ರೆ ಬರಲ್ಲ, ನಾಳೆ ಬಾ.' ಹೀಗೆ ಗುಂಡಿಗೊಂದು. ಹಳೆಯ ಮಾಮ ಮೆಲ್ಲಗೆ ಫೋನಿನೊಳಕ್ಕೆ ಬಂದು ಕೂತರು.

ಪರೀಕ್ಷೆಯ ಮೊದಲ ದಿನವೇ ಎಡವಟ್ಟಾಯಿತು. ಮಾಮನ ಉತ್ತರ, ಸಾಮಾನು ಕೇಳಿದವರಿಗೆ ಮಾತ್ರ ಹೋಗಬೇಕಿತ್ತು. ಫೋನಕ್ಕ ಗುಂಪು ಗೊತ್ತುಮಾಡುವಾಗ 'ಎಲ್ಲರಿಗೂ' ಎಂಬುದನ್ನು ತೆಗೆಯಲು ಮರೆತಿದ್ದರು. ಎರಡನೇ ಮಹಡಿಯ ಗುಮಾಸ್ತೆ ಫೋನ್ ಮಾಡಿ ಕಾಗದ ಕೇಳಿದಳು, ಮಾಮ ಗುಂಡಿ ಒತ್ತಿದರು. ಆರೂ ಮಹಡಿಗಳ ಫೋನುಗಳು ಒಟ್ಟಿಗೆ ಪೀಂ ಎಂದವು. ಸಭೆ ನಡೆಸುತ್ತಿದ್ದ ಮ್ಯಾನೇಜರ್ ಪರದೆಯ ಮೇಲೂ ಅದೇ: 'ಮೊನ್ನೆ ಕೊಟ್ಟಿದ್ದನ್ನ ತಿಂದ್ಯಾ?'

ವಿಷಯ ಫೋನಕ್ಕನ ಕಿವಿಗೂ ಬಿತ್ತು. ಮಾಮನ ಕೆಲಸವನ್ನು ತಾನೇ ಕೈಯಾರೆ ಕಳೆದೆ ಎಂದುಕೊಂಡು ತಳಮಹಡಿಗೆ ಓಡಿದರು. ಅಲ್ಲಿ ನೋಡಿದರೆ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಮಾಮ ಕೆಲಸಕ್ಕೆ ಮರಳಿದ್ದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆ ಒಂದು ಸಾಲು ಓದಿ, ಇದು ಅವರಲ್ಲದೆ ಬೇರೆ ಯಾರೂ ಅಲ್ಲ ಎಂದು ಮೇಲಿಂದ ಇಳಿದು ಬಂದಿದ್ದರು. ಗುಮಾಸ್ತೆ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾಮ ಎಲ್ಲರ ನಡುವೆ ಕೂತು ಒಬ್ಬೊಬ್ಬರ ಬೆನ್ನು ತಟ್ಟುತ್ತಿದ್ದರು.

ಕೊನೆಗೆ ಮ್ಯಾನೇಜರ್ ಬಂದರು. ಗುಂಪು ಸರಿದು ದಾರಿ ಬಿಟ್ಟಿತು. ಅವರು ತಮ್ಮ ಫೋನನ್ನು ಮಾಮನ ಮುಂದೆ ಹಿಡಿದು, "ನಾನೇನೂ ತಿಂದಿಲ್ಲ ಮಾರಾಯ್ರೇ" ಎಂದರು. ಆಮೇಲೆ ಫೋನಕ್ಕನ ಕಡೆ ತಿರುಗಿ, "ಇವರ ಮಾತು, ಸಾಮಾನು ಕೇಳಿದವರಿಗಷ್ಟೇ ಹೋಗೋ ಹಾಗೆ ಮಾಡಿ. ಕೆಲಸ ಮುಂದುವರೀಲಿ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು.

ಮಾಮ ಈಗಲೂ ಅಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ಫೋನಕ್ಕನನ್ನು ಕರೆಸಿ ಹಳಸಿದ ಜೋಕುಗಳನ್ನು ಅಳಿಸಿ ಹೊಸವನ್ನು ತುಂಬಿಸಿಕೊಳ್ಳುತ್ತಾರೆ. ಕೆಲವನ್ನು ಫೋನಕ್ಕ ಒಪ್ಪುವುದಿಲ್ಲ: "ಅದೆಲ್ಲ ಫೋನಲ್ಲಿ ಹಿಡಿಸಲ್ಲ ಅಂತ ಸುಳ್ಳು ಹೇಳ್ತೀನಿ."

ಹೊತ್ತು ಏರಿದೆ. ಲಿಫ್ಟಿನಿಂದ ಜನ ಇಳಿಯುತ್ತಿದ್ದಾರೆ. ಯಾರೂ ಫೋನಕ್ಕನನ್ನು ಗಮನಿಸಿದಂತಿಲ್ಲ. ಎಲ್ಲರೂ ಆಗಲೇ ಯಾರೊಂದಿಗೋ ಮಾತಿಗಿಳಿದಿದ್ದಾರೆ. ಅದರಿಂದ ಬೇಸರವಾಗುವುದಿಲ್ಲವೇ ಎಂದರೆ, ಅವರು ಸ್ಟೂಲನ್ನು ಗೋಡೆಗೆ ಒರಗಿಸಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಬೇಸರ ಯಾಕೆ? ಒಂದು ದಿನ ಪೂರ್ತಿ ಯಾರೂ ನನ್ನನ್ನ ಕರೀಬಾರದು. ಅದೊಂದೇ ಆಸೆ. ನನ್ನನ್ನ ಕರೀಲಿಲ್ಲ ಅಂದ್ರೆ, ಅವತ್ತು ಎಲ್ಲರಿಗೂ ಅವರವರಿಗೆ ಬೇಕಾದೋರು ಸಿಕ್ಕಿದಾರೆ ಅಂತ."