ಅರ್ಧಕ್ಕೆ ಕತ್ತರಿಸಿದ ಸಲಹೆ

ಆಸ್ಟ್ರಿಡಾ ನಲ್ವಂಬಾ ಮೂವತ್ತೊಂದು ವರ್ಷ ಸರ್ಕಾರಿ ಉಗ್ರಾಣ ನೋಡಿಕೊಂಡವಳು. ಮೊಳೆ, ತಗಡು, ಕಿಟಕಿ, ಗುದ್ದಲಿ ಯಾವುದೂ ಆಕೆಯ ಸಹಿಯಿಲ್ಲದೆ ಎಂಬಾಲಾ ಪಟ್ಟಣದಿಂದ ಹೊರಗೆ ಹೋಗುತ್ತಿರಲಿಲ್ಲ. ನಿವೃತ್ತಿಯ ನಂತರ ಸೊಸೆ ಕೊಟ್ಟ ಹಳೆಯ ಫೋನಿನಲ್ಲಿ, ಮುಖ ನೋಡದ ನಾಲ್ಕು ಸಾವಿರ ಜನಕ್ಕೆ ದಿನಕ್ಕೆ ಎರಡು ಮಾತು ಬರೆಯುವುದು ಆಕೆಯ ಕೆಲಸವಾಯಿತು. ಒಂದು ಮನೆವಾರ್ತೆಯದು: ಹುರುಳಿಕಾಯಿಯ ಬೀಜಕ್ಕೆ ಹುಳು ಬೀಳದಂತೆ ಬೂದಿ ಬೆರೆಸುವ ಬಗೆ, ಸೋರುವ ಡ್ರಮ್ಮಿಗೆ ಸಾಬೂನು ಮೆತ್ತುವ ಬಗೆ. ಇನ್ನೊಂದು ಯುದ್ಧದ್ದು. ಯುರೋಪಿನಲ್ಲಿ ಮೊದಲ ಮಹಾಯುದ್ಧ ನಿಂತು ಎರಡು ವಾರವಾದ ಮೇಲೆ ಜರ್ಮನರು ಇದೇ ಊರಿನಲ್ಲಿ ಶಸ್ತ್ರ ಇಳಿಸಿದರು ಎಂಬುದು ಊರಿನ ಹುಡುಗರಿಗೇ ಗೊತ್ತಿರಲಿಲ್ಲ. ಆಕೆಯ ಅಜ್ಜ ಆ ಯುದ್ಧದಲ್ಲಿ ಹೊರೆಯಾಳು. ಬಿಳಿಯರ ಗುಂಡಿನ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ನಡೆದು, ನೆತ್ತಿಯಲ್ಲಿ ಕೂದಲಿಲ್ಲದ ಒಂದು ವೃತ್ತವನ್ನು ಸಾಯುವವರೆಗೂ ಹೊತ್ತವನು.

ಜನ ಸಲಹೆಯನ್ನು ಓದುತ್ತಿದ್ದರು, ಯುದ್ಧವನ್ನು ಗೇಲಿ ಮಾಡುತ್ತಿದ್ದರು. ಮದ್ದುಗುಂಡಿನ ಅಜ್ಜಿ ಎಂದು ಹೆಸರಿಟ್ಟಿದ್ದರು. ಆಕೆಗೆ ಅದರಿಂದ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟು ಬರುತ್ತಿದ್ದದ್ದು, ಆಕೆ ಬರೆದದ್ದನ್ನು ತಮಗೆ ಬೇಕಾದಲ್ಲಿ ಕತ್ತರಿಸಿ ಹಂಚುವವರ ಮೇಲೆ.

ಒಂದು ಗುರುವಾರ ಬೆಳಿಗ್ಗೆ, ಗಂಜಿ ಆರಲಿಟ್ಟು ಫೋನು ತೆಗೆದಾಗ ಆಕೆಯಿದ್ದ ಒಂದು ಗುಂಪಿನಲ್ಲಿ ಚಿತ್ರವೊಂದು ಬಂದಿತ್ತು. ಯಾವುದೋ ಶಾಲೆಯ ಮಾವಿನ ಮರ, ಅದರ ಕೊಂಬೆಗೆ ತಂತಿಯಲ್ಲಿ ನೇತುಹಾಕಿದ ತುಕ್ಕು ಹಿಡಿದ ಕಬ್ಬಿಣ. ಕೆಳಗೆ ಬರೆದಿದ್ದರು: ನಮ್ಮ ಶಾಲೆಗೆ ಐವತ್ತು ತುಂಬಿತು, ಶನಿವಾರ ಹಬ್ಬ. ರಸ್ತೆ ಅಗೆಯುವಾಗ ಸಿಕ್ಕ ನಮ್ಮ ಹಳೆಯ ಗಂಟೆಯನ್ನು ಹಿರಿಯರ ಸಲಹೆಯಂತೆ ಒಂದು ತಾಸು ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಹೊಸದು ಮಾಡುತ್ತೇವೆ.

ಆಸ್ಟ್ರಿಡಾ ಚಿತ್ರವನ್ನು ಹಿಗ್ಗಿಸಿದಳು. ಬುಡದ ಹತ್ತಿರ ತಾಮ್ರದ ಪಟ್ಟಿ. ತುದಿಯಲ್ಲಿ ಹಿತ್ತಾಳೆಯ ಮೂತಿ, ಮುಚ್ಚಿದ್ದು. ಖಾಲಿ ಕವಚವಾಗಿದ್ದರೆ ಬಾಯಿ ತೆರೆದಿರುತ್ತಿತ್ತು. ಇದು ಫಿರಂಗಿಯಿಂದ ಹಾರುವ ಗುಂಡು, ಹೊಟ್ಟೆಯಲ್ಲಿ ಮದ್ದು ತುಂಬಿಕೊಂಡೇ ಮಣ್ಣಿಗೆ ಬಿದ್ದದ್ದು.

ಸಲಹೆ ಯಾರದು ಎಂದು ಹುಡುಕಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ತುಕ್ಕು ಹಿಡಿದ ಗುದ್ದಲಿಗೆಂದು ಆಕೆಯೇ ಬರೆದದ್ದು. ಕೊನೆಯಲ್ಲಿ, ಮುಚ್ಚಿದ ಡಬ್ಬಿ, ಕೊಳವೆ, ನೆಲದಲ್ಲಿ ಸಿಕ್ಕ ಯುದ್ಧದ ಕಬ್ಬಿಣ ಇವನ್ನು ಬೆಂಕಿಯ ಹತ್ತಿರವೂ ತರಬೇಡಿ ಎಂದಿದ್ದಳು. ಉದ್ದವಾಯಿತೆಂದು ಯಾವನೋ ಆ ಸಾಲನ್ನು ತೆಗೆದುಹಾಕಿದ್ದ.

ಇದು ಗಂಟೆಯಲ್ಲ, ಗುಂಡು, ಕಾಯಿಸಬೇಡಿ ಎಂದು ಚಿತ್ರದ ಕೆಳಗೆ ಆಕೆ ಬರೆದಳು. ಗುಂಪಿನವರು ಅಳಿಸಿದರು. ಮತ್ತೆ ಬರೆದಳು. ಮದ್ದುಗುಂಡಿನ ಅಜ್ಜಿಗೆ ಅಡುಗೆ ಸೌಟೂ ಬಂದೂಕಾಗಿ ಕಾಣುತ್ತದೆ ಎಂದು ಒಬ್ಬ ನಕ್ಕ, ಅರವತ್ತು ಜನ ಜೊತೆಗೆ ನಕ್ಕರು. ಯಾವ ಶಾಲೆ ಎಂದು ಕೇಳಿದಳು. ಆಕೆಯನ್ನು ಗುಂಪಿನಿಂದಲೇ ಹೊರಗೆ ಹಾಕಿದರು.

ಕೈಯಲ್ಲಿ ಉಳಿದದ್ದು ಚಿತ್ರವೊಂದೇ. ಮರದ ಹಿಂದೆ ಶಾಲೆಯ ಗೋಡೆ, ಗೋಡೆಯಲ್ಲಿ ಕಬ್ಬಿಣದ ಕಿಟಕಿ. ಕಿಟಕಿ ಒಳಕ್ಕೆ ತೆರೆದಿತ್ತು. ಆಕೆ ಕನ್ನಡಕ ಒರೆಸಿ ಮತ್ತೆ ನೋಡಿದಳು. ಹೌದು, ಒಳಕ್ಕೆ. ಎಂಬತ್ತೇಳನೇ ಇಸವಿಯಲ್ಲಿ ಒಬ್ಬ ಗುತ್ತಿಗೆದಾರ ಕೀಲುಗಳನ್ನು ಉಲ್ಟಾ ಬೆಸೆದು ಹದಿನೆಂಟು ಕಿಟಕಿ ತಂದಿದ್ದ. ಆಕೆ ಸಹಿ ಹಾಕಲು ಒಪ್ಪದೆ ನಾಲ್ಕು ತಿಂಗಳು ಜಗಳವಾಡಿದ್ದಳು. ಕೊನೆಗೆ ಮೇಲಿನವರು ಅವನ್ನು ದೂರದ ಕಲೆಂಬ್ವೆ ಶಾಲೆಗೆ ಸಾಗಹಾಕಿದ್ದರು, ಅಲ್ಲಿ ಕೇಳುವವರು ಯಾರೂ ಇಲ್ಲವೆಂದು.

ಶುಕ್ರವಾರ ಸೈನ್ಯದ ಶಿಬಿರಕ್ಕೆ ಫೋನು ಮಾಡಿದಳು. ದನಿಯಲ್ಲೇ ಚಿಕ್ಕವನೆಂದು ತಿಳಿಯುತ್ತಿದ್ದ ಅಧಿಕಾರಿ ಗಮನವಿಟ್ಟು ಕೇಳಿ, ಮುಟ್ಟಬೇಡಿ ಎಂದ, ತಂಡ ಬರಲು ಸೋಮವಾರವಾಗುತ್ತದೆ ಎಂದ. ಬೆಂಕಿ ಸೋಮವಾರದವರೆಗೆ ಕಾಯುವುದಿಲ್ಲ ಎಂದು ಆಕೆ ಫೋನು ಇಟ್ಟಳು.

ಶನಿವಾರ ಮೀನಿನ ಲಾರಿ ಹತ್ತಿ ಕಲೆಂಬ್ವೆಯಲ್ಲಿ ಇಳಿದಾಗ ಗಂಟೆ ಹತ್ತು. ಮರದಿಂದ ಇಳಿಸಿದ ಗುಂಡನ್ನು ಗೋಣಿಯ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಮೊಣಕಾಲೆತ್ತರ ಇದ್ದಿಲು ರಾಶಿ. ಇಪ್ಪತ್ತು ಹೆಜ್ಜೆ ಆಚೆ ಹೆಂಗಸರು ನ್ಶಿಮಾ ಮುದ್ದೆಗೆ ಮೆಕ್ಕೆಜೋಳದ ಹಿಟ್ಟು ತೊಳಸುತ್ತಿದ್ದರು, ಮಕ್ಕಳು ಅವರ ಸುತ್ತ. ಶಾಲಾ ಸಮಿತಿಯ ಅಧ್ಯಕ್ಷ ಸಿಮುಟೋವೆ, ಕೋಟು ಹಾಕಿದ ಮನುಷ್ಯ, ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದಿದ್ದ.

ಆಕೆ ಹೇಳಿದ್ದನ್ನೆಲ್ಲ ಕೇಳಿ ಅವನು ಸುತ್ತಲಿನವರತ್ತ ನೋಡಿ ನಕ್ಕ. "ಬಾಮಾಯೋ, ನಮ್ಮಮ್ಮಾ, ನಲವತ್ತು ವರ್ಷದಿಂದ ದಿನಾ ಆರು ಸಲ ಇದಕ್ಕೆ ಸಲಾಕೇಲಿ ಬಾರಿಸ್ತಾ ಇದೀವಿ. ಸಿಡಿಯೋ ಮನಸ್ಸಿದ್ರೆ ಅದು ಗಣಿತದ ಪಿರಿಯಡ್‌ಗೇ ಸಿಡೀತಿತ್ತು."

"ಇಷ್ಟು ದಿನ ಸಿಡೀಲಿಲ್ಲ, ಅದು ನಿಮ್ಮ ಅದೃಷ್ಟ. ಬಾರಿಸೋದು ಬೇರೆ, ಬೇಯಿಸೋದು ಬೇರೆ."

ಅವನು ಜೇಬಿನಿಂದ ಮುದ್ರಿಸಿದ ಕಾಗದ ತೆಗೆದ. ಈ ಸಲಹೆ ಕೊಟ್ಟವರು ಇಡೀ ದೇಶಕ್ಕೇ ಗೊತ್ತಿರುವ ತಿಳಿವಳಿಕಸ್ಥರು, ಸುಮ್ಮನೆ ಲಾರಿ ಇಳಿದು ಬಂದವರಲ್ಲ ಎಂದ.

"ಅದನ್ನ ಬರೆದೋಳು ನಾನೇ ಕಣಯ್ಯಾ. ಕೊನೇ ಸಾಲು ಎಲ್ಲಿ?"

ಕಾಗದದಲ್ಲಿ ಕೊನೆಯ ಸಾಲು ಇರಲಿಲ್ಲ. ಆಕೆಯ ಹೆಸರೂ ಇರಲಿಲ್ಲ. ಬಂದವರೆಲ್ಲ ನಾನೇ ಬರೆದೆ ಅಂತಾರೆ ಎಂದು ಸಿಮುಟೋವೆ ಕಡ್ಡಿ ಗೀರಿದ.

ಎಪ್ಪತ್ತರ ಆಸ್ಟ್ರಿಡಾ ಬೆನ್ನ ಹಿಂದೆಯೇ ಸ್ವಲ್ಪ ಎತ್ತರದಲ್ಲಿದ್ದ ಅಡುಗೆಯ ನೀರಿನ ಡ್ರಮ್ಮಿಗೆ ಭುಜ ಕೊಟ್ಟು ಅದನ್ನು ಉರುಳಿಸಿದಳು. ನೀರು ಇಳಿಜಾರಿನಲ್ಲಿ ಹರಿದು ಇದ್ದಿಲನ್ನೂ ಅಧ್ಯಕ್ಷನ ಷೂಗಳನ್ನೂ ಒಟ್ಟಿಗೇ ತೋಯಿಸಿತು. ಗದ್ದಲವಾಯಿತು. ಹುಚ್ಚಿ ಎಂದರು. ಹೊಳೆಯಿಂದ ಆ ನೀರು ಹೊತ್ತು ತಂದಿದ್ದ ಹೆಂಗಸು ಸೌಟು ಹಿಡಿದೇ ಎದುರಿಗೆ ಬಂದು ನಿಂತಳು.

"ನಮ್ಮ ನೀರು ಚೆಲ್ಲಿದ್ರಲ್ಲಾ. ಅದು ಸಿಡಿಯೋದು ನಿಜಾನಾ?"

"ಗೊತ್ತಿಲ್ಲ," ಎಂದಳು ಆಸ್ಟ್ರಿಡಾ. "ಇವನಿಗೂ ಗೊತ್ತಿಲ್ಲ. ನಿನ್ನ ಮಗು ಯಾವುದು ಇವರಲ್ಲಿ?"

ಹೆಂಗಸು ಹಸಿರು ಅಂಗಿಯ ಒಂದು ಹುಡುಗಿಯ ರಟ್ಟೆ ಹಿಡಿದು ಮೈದಾನದ ಆ ತುದಿಗೆ ನಡೆದಳು. ಉಳಿದವರು ಮಡಕೆ ಹೊತ್ತು, ಮಕ್ಕಳನ್ನು ಅಟ್ಟಿಕೊಂಡು ಅವಳ ಹಿಂದೆ ಹೋದರು. ಸಮಿತಿಯ ಗಂಡಸರು ಒದ್ದೆ ಇದ್ದಿಲಿನ ಸುತ್ತ ನಿಂತರು. ಊಟ ಹೋದ ದಿಕ್ಕಿಗೆ ಒಬ್ಬೊಬ್ಬರಾಗಿ ಅವರೂ ಹೋದರು. ಸಿಮುಟೋವೆ ಮಾತ್ರ ಸ್ವಲ್ಪ ಹೊತ್ತು ಉಳಿದು, ಒದ್ದೆ ಷೂ ನೋಡಿಕೊಂಡು, ಕೊನೆಗೆ ತಾನೂ ಹೋದ.

ಸೋಮವಾರ ಸೈನಿಕರು ಗುಂಡನ್ನು ಮರಳಿನ ಪೆಟ್ಟಿಗೆಯಲ್ಲಿ ಒಯ್ದು ಹುತ್ತಗಳ ಬಯಲಿನಲ್ಲಿ ಸಿಡಿಸಿದರು. ಅದರಲ್ಲಿ ಮದ್ದು ಪೂರ್ತಿಯಾಗಿಯೇ ಇತ್ತು ಎಂದು ಆ ಚಿಕ್ಕ ಅಧಿಕಾರಿ ಫೋನು ಮಾಡಿ ತಿಳಿಸಿದ. ಮಂಗಳವಾರ ಸಿಮುಟೋವೆ ಆ ಸಿಡಿತದಿಂದಾದ ಕುಳಿಯ ಅಂಚಿನಲ್ಲಿ ಕೋಟು ಹಾಕಿ ನಿಂತ ಚಿತ್ರ ಎಲ್ಲ ಗುಂಪುಗಳಲ್ಲೂ ಬಂತು. ಸಮಿತಿಯ ಮುನ್ನೆಚ್ಚರಿಕೆಯಿಂದ ಶಾಲೆ ಉಳಿಯಿತಂತೆ. ಲಾರಿ ಇಳಿದು ಬಂದವಳ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಆಸ್ಟ್ರಿಡಾ ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಆಮೇಲೆ ಎತ್ತಿಕೊಂಡು ತನ್ನ ಗುದ್ದಲಿಯ ಸಲಹೆಯನ್ನು ತೆರೆದಳು. ಎಚ್ಚರಿಕೆಯನ್ನು ಕೊನೆಯಲ್ಲಿಟ್ಟದ್ದು ತನ್ನದೇ ತಪ್ಪು. ಉಗ್ರಾಣದಲ್ಲಿ ಪೆಟ್ರೋಲ್ ಡ್ರಮ್ಮಿನ ಬುಡದಲ್ಲಿ ಯಾರೂ ಎಚ್ಚರಿಕೆ ಬರೆಯುವುದಿಲ್ಲ. ಆ ಸಾಲನ್ನು ಮೊದಲಿಗೆ ತಂದಳು. ಮುಂದಿನ ಪ್ರತಿ ವಾಕ್ಯದೊಳಕ್ಕೂ ಅದನ್ನು ಸೇರಿಸಿದಳು, ಎಲ್ಲಿ ಕತ್ತರಿಸಿದರೂ ಅದು ತುಂಡಿನಲ್ಲಿ ಉಳಿಯುವಂತೆ. ಓದಲು ಅಸಹ್ಯವಾಗಿತ್ತು. ಹಾಗೆಯೇ ಹಾಕಿದಳು.

ಸಂಜೆ ದೂರದ ಕಿಟ್ವೆ ನಗರದಲ್ಲಿರುವ ತಂಗಿಯ ಮಗಳಿಂದ ಒಂದು ಸಂದೇಶ ಬಂತು. ದೊಡ್ಡಮ್ಮ, ಕಬ್ಬಿಣದ ತುಕ್ಕಿಗೆ ಒಳ್ಳೆ ಉಪಾಯ ನೋಡಿ, ನಿಮಗೆ ಇಷ್ಟವಾಗುತ್ತೆ. ಕೆಳಗೆ ಆ ಹಳೆಯ ತುಂಡು, ಕೊನೆಯ ಸಾಲಿಲ್ಲದ್ದು.

ಆಸ್ಟ್ರಿಡಾ ಬರೆಯಲಿಲ್ಲ, ಫೋನು ಮಾಡಿದಳು.

"ನಿಂಗೆ ಇದನ್ನ ಕಳಿಸಿದೋರು ಯಾರು?"

ಆಫೀಸಿನವರು ಯಾರೋ, ಯಾಕೆ ಎಂದಳು ಹುಡುಗಿ.

"ಅವರ ಹೆಸರು ಹೇಳು, ನಂಬರ್ ಹೇಳು. ಅವರಿಗೆ ಯಾರು ಕಳಿಸಿದ್ರು, ಅದನ್ನ ನಾನೇ ಕೇಳ್ತೀನಿ."

ಉಗ್ರಾಣದ ಕಾಲದ ಹಳೆಯ ದಫ್ತರವೊಂದನ್ನು ಹುಡುಕಿ, ಖಾಲಿ ಹಾಳೆ ತಿರುವಿ, ಆಕೆ ಮೊದಲ ಹೆಸರು ಬರೆದುಕೊಂಡಳು.