ಕಲ್ಲು ಬಿದ್ದ ಸದ್ದು

ನೀರು ಮುಗಿದಾಗ ಮೋಟಾರು ಗಾಳಿ ಎಳೆಯುವ ಸದ್ದನ್ನು ಕೇಳಿದ್ದೀರಾ? ಗಂಟಲು ಒಣಗಿದವರು ಕೆಮ್ಮಿದ ಹಾಗೆ ಗೊರಗೊರ ಅನ್ನುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಸಂಪಿನಿಂದ ಆ ಸದ್ದು ಬಂದರೆ ಈ ವಯಸ್ಸಿನಲ್ಲೂ ನನ್ನ ಕೈಕಾಲು ತಣ್ಣಗಾಗುತ್ತವೆ. ಟ್ಯಾಂಕರಿಗೆ ಫೋನ್ ಮಾಡಿದರಾಯಿತು ಎಂದು ಸೊಸೆ ನಗುತ್ತಾಳೆ. ಅವಳದೇನೂ ತಪ್ಪಿಲ್ಲ, ಅವಳು ಬಾವಿಯ ತಳ ನೋಡಿದವಳಲ್ಲ. ನಾನು ನೋಡಿದ್ದೇನೆ, ಒಂಬತ್ತು ವರ್ಷದವಳಿದ್ದಾಗ, ಇದೇ ಅಲ್ಲಾಳಸಂದ್ರದ ನಮ್ಮ ತೋಟದಲ್ಲಿ.

ಆ ಬಾವಿಗೆ ಮೊದಲು ಕಪಿಲೆ ಇತ್ತು. ಜೋಡೆತ್ತು ಹಗ್ಗ ಎಳೆದುಕೊಂಡು ಇಳಿಜಾರಿನಲ್ಲಿ ಇಳಿದರೆ ಚರ್ಮದ ಬಾನೆ ತುಂಬಿ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. ಹೊಂಗೆ ಎಣ್ಣೆ ಸವರಿದ ತೊಗಲು, ಒದ್ದೆ ಹಗ್ಗ, ತಾತನ ಮೈಯ ಬೆವರು, ಇವೆಲ್ಲ ಕಲೆತ ವಾಸನೆಯಲ್ಲೇ ನನಗೆ ಬೆಳಗಾಗುತ್ತಿತ್ತು. ತಾತನ ಕಣ್ಣಿಗೆ ಪೊರೆ ಬಂದಿತ್ತು. ಆದರೆ ಹಗ್ಗಕ್ಕೆ ಕೈ ತಾಗಿಸಿದರೆ ಸಾಕು, ಬಾನೆ ಎಷ್ಟು ತುಂಬಿದೆಯೆಂದು ಅವನಿಗೆ ಗೊತ್ತಾಗುತ್ತಿತ್ತು. ಹಗುರ ಅನ್ನಿಸಿದ ಕೂಡಲೇ ನೊಗ ಬಿಚ್ಚುತ್ತಿದ್ದ. "ಎತ್ತೂ ಉಸಿರಾಡ್ಲಿ, ಬಾವೀನೂ ಉಸಿರಾಡ್ಲಿ ಕಣವ್ವಾ" ಅನ್ನುತ್ತಿದ್ದ.

ಊರಿಗೆ ಕರೆಂಟು ಬಂದ ಮೇಲೆ ಅಪ್ಪ ರಾಗಿ ಹೊಲದಲ್ಲಿ ದ್ರಾಕ್ಷಿ ಚಪ್ಪರ ಹಾಕಿ, ಬಾವಿಗೆ ಪಂಪ್‌ಸೆಟ್ ಕೂರಿಸಿದ. ಹಗ್ಗ ಹೋದ ಮೇಲೆ ತಾತನಿಗೆ ಬಾವಿಯ ಸುದ್ದಿ ಹೇಳುವವರೇ ಇರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ಅವನು ಮಾತ್ರ ಹಳೆಯ ಕ್ರಮ ಬಿಡಲಿಲ್ಲ. ಕಪಿಲೆ ಹೊಡೆಯುತ್ತಿದ್ದಷ್ಟೇ ಹೊತ್ತು, ಬಿಸಿಲು ಹುಟ್ಟಿದಾಗಿನಿಂದ ಹೊಂಗೆಮರದ ನೆರಳು ಬುಡ ಸೇರುವವರೆಗೆ, ಮೋಟಾರೂ ಓಡಬೇಕು. ಜೋಡೆತ್ತು ವಾರವೆಲ್ಲ ಎಳೆಯುವುದನ್ನು ಅದು ಅಷ್ಟರಲ್ಲೇ ಎಳೆದುಬಿಡುತ್ತದೆಂದು ಅವನಿಗಾಗಲಿ ಅಪ್ಪನಿಗಾಗಲಿ ಹೊಳೆಯಲಿಲ್ಲ. ನಾನು ಕಟ್ಟೆಗೆ ಹೊಟ್ಟೆ ಊರಿ ಬಗ್ಗಿ ನೋಡುತ್ತಿದ್ದೆ. ಯಾವತ್ತೂ ಕಾಣದ ಪಾಚಿ ಹಿಡಿದ ಮೆಟ್ಟಿಲುಗಳು ನೀರಿನಿಂದ ಒಂದೊಂದೇ ಹೊರಗೆ ಬರುತ್ತಿದ್ದವು. ತಾತ ಕೇಳುತ್ತಿದ್ದುದು ನೀರಿದೆಯೇ ಎಂದಷ್ಟೇ, ಇದೆ ಅನ್ನುತ್ತಿದ್ದೆ. ಒಂದು ಬೇಸಿಗೆಯ ಬೆಳಿಗ್ಗೆ ಮೋಟಾರು ಗೊರಗೊರ ಅಂದಿತು. ಕೆಳಗೆ ಬರೀ ಕೆಸರು, ಅದರಲ್ಲಿ ಬಾಯಿ ತೆರೆದು ಒದ್ದಾಡುವ ಮೀನು. ಬಾವಿಗೆ ತಳ ಅನ್ನುವುದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಓಡಿ ಬಂದ ಅಪ್ಪ ಸ್ವಿಚ್ ಆರಿಸಿ ನನ್ನ ರಟ್ಟೆ ಹಿಡಿದ. "ತಾತ ಕೇಳಿದ್ರೆ ನೀರೈತೆ ಅನ್ನು. ಗೊತ್ತಾದ್ರೆ ಮೋಟ್ರು ಕೀಳಿಸ್ಬುಡ್ತಾನೆ, ಕಾಯಿ ಕಟ್ಟಿರೋ ದ್ರಾಕ್ಸಿ ಒಣಗೋಯ್ತದೆ." ಅಷ್ಟರಲ್ಲಿ ಸದ್ದು ನಿಂತದ್ದು ಕೇಳಿ ತಾತ ಕೋಲೂರಿಕೊಂಡು ಬಂದ. ಕರೆಂಟು ಹೋಯಿತೆಂದ ಅಪ್ಪ. ತಾತ ನನ್ನ ಕಡೆ ತಿರುಗಿದ. "ನೀರೈತೇನವ್ವಾ?"

"ಐತೆ ತಾತ" ಅಂದೆ.

ಅವನು ಬಗ್ಗಿ, ನೆಲ ತಡವಿ, ಒಂದು ಕಲ್ಲು ಹುಡುಕಿ ಬಾವಿಗೆ ಹಾಕಿದ. ಗುಳುಂ ಅನ್ನಲಿಲ್ಲ. ಕೆಸರಿಗೆ ತಪ್ ಎಂದು ಬಿತ್ತು. ಬೈಗುಳ ಬೀಳುತ್ತದೆಂದು ಕಣ್ಣುಮುಚ್ಚಿ ನಿಂತೆ. ಅವನ ಕೈ ನನ್ನ ತಲೆಯನ್ನು ಹುಡುಕಿಕೊಂಡು ಬಂತು, ನನ್ನನ್ನು ಬಿಗಿಯಾಗಿ ಹಿಡಿದು ಕಟ್ಟೆಯಿಂದ ದೂರ ಎಳೆಯಿತು. ನನ್ನ ತಾತ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಮನೆಗೋಗವ್ವಾ. ಗಡಿಗೇಲಿ, ಅಂಡೇಲಿ ಇರೋ ನೀರ್ನೆಲ್ಲ ಮುಚ್ಚಿಡು" ಅಂದ.

ಮಾರನೆಯ ದಿನ ಮೊಣಕಾಲಷ್ಟು ನೀರು ಜಿನುಗಿತ್ತು, ಅಪ್ಪ ಮತ್ತೆ ಮೋಟಾರು ಹಾಕಿದ. ತಾತ ಅದನ್ನು ಕೀಳಿಸಲಿಲ್ಲ. ಆಮೇಲೆ ಅಪ್ಪ ಬಾವಿಯನ್ನು ಇನ್ನೂ ಆಳಕ್ಕೆ ತೋಡಿಸಿದ, ಅದೂ ಸಾಲದೆ ಬೋರು ಕೊರೆಸಿದ. ತಾತ ಬದುಕಿದ್ದಷ್ಟು ದಿನ ಬಾವಿಯ ಸುದ್ದಿಯನ್ನು ನನ್ನಲ್ಲಿ ಮತ್ತೆ ಕೇಳಲೇ ಇಲ್ಲ. ಈಗ ತಾತ, ಅಪ್ಪ, ದ್ರಾಕ್ಷಿ ಯಾವುದೂ ಇಲ್ಲ. ಬಾವಿ ನಮ್ಮ ಕಟ್ಟಡದ ಕಾರು ನಿಲ್ಲಿಸುವ ಜಾಗದ ಅಡಿ ಎಲ್ಲೋ ಇದೆ. ಸಂಪು ಗೊರಗೊರ ಅಂದಾಗಲೆಲ್ಲ ಎದ್ದು ಹೋಗಿ ಅಡುಗೆಮನೆಯ ಪಾತ್ರೆಗಳನ್ನು ಮುಚ್ಚುತ್ತೇನೆ. "ನೀರಿದೆ ಅತ್ತೆ, ಹೆದರ್ಕೋಬೇಡಿ" ಅನ್ನುತ್ತಾಳೆ ಸೊಸೆ. ನಂಬಲು ಆಗುವುದಿಲ್ಲ. ನಾನೂ ಹಾಗೇ ಹೇಳಿದ್ದೆ.